ಟೊಮೆಟೊ ತೋಟಕ್ಕೊಂದು ಗೂಡ್ಸ್ ಆಟೊ: ಭಾರ, ಏರಿ, ಆರ್‌ಸಿ ನೋಡಿ ಮಾಡಿದ ಖರೀದಿಯ ಲೆಕ್ಕ

ಸನ್ನಿವೇಶ

ಕೋಲಾರ ಜಿಲ್ಲೆಯ ಒಂದು ಹಳ್ಳಿ. ನಾಲ್ಕು ಎಕರೆ ಜಮೀನು. ಎರಡೂವರೆ ಎಕರೆಯಲ್ಲಿ ಹನಿ ನೀರಾವರಿಯ ಟೊಮೆಟೊ, ಉಳಿದದ್ದರಲ್ಲಿ ಬೀನ್ಸ್, ದಪ್ಪ ಮೆಣಸಿನಕಾಯಿ, ಒಂದಿಷ್ಟು ಮೇವು. ತೋಟದಿಂದ ಡಾಂಬರು ರಸ್ತೆಗೆ 1.2 ಕಿ.ಮೀ. ಮಣ್ಣು ದಾರಿ, ನಡುವೆ ಕೆರೆ ಏರಿ ಹತ್ತಬೇಕು. ಅಲ್ಲಿಂದ ಕೋಲಾರದ ಎಪಿಎಂಸಿಗೆ 24 ಕಿ.ಮೀ. ಇದುವರೆಗೆ ಮಾಲು ಬಾಡಿಗೆ ಗಾಡಿಯಲ್ಲಿ ಹೋಗುತ್ತಿತ್ತು. ಈಗ ಸ್ವಂತಕ್ಕೊಂದು ಮೂರು ಚಕ್ರದ ಗೂಡ್ಸ್ ಆಟೊ ತೆಗೆದುಕೊಳ್ಳುವ ಯೋಚನೆ. ಕೈಯಲ್ಲಿ ಮೂರು ಕೊಟೇಷನ್ ಇವೆ: ಡೀಸೆಲ್ ಗೂಡ್ಸ್ ಆಟೊ, ಲಿಥಿಯಂ ಬ್ಯಾಟರಿಯ ಎಲೆಕ್ಟ್ರಿಕ್ ಗೂಡ್ಸ್ ಆಟೊ, ಎಲ್ಲಕ್ಕಿಂತ ಅಗ್ಗದ ಇ-ಕಾರ್ಟ್ (ಇ-ರಿಕ್ಷಾದಂಥ ಸರಕು ಗಾಡಿ). ಇದರ ಮೇಲೆ, ಆನ್‌ಲೈನ್‌ನಲ್ಲಿ ‘ನೋಂದಣಿ ಬೇಡ, ಲೈಸೆನ್ಸ್ ಬೇಡ’ ಎಂದು ಮಾರುವ ಬ್ಯಾಟರಿ ಲೋಡರ್ ಒಂದರ ಆಸೆಯೂ ಇದೆ.

ಇದು ಲೆಕ್ಕ ತೋರಿಸಲು ಕಟ್ಟಿಕೊಂಡ ಪ್ರಕರಣ. ಇಲ್ಲಿನ ದೂರ, ಬಾಡಿಗೆ, ಬೆಲೆಗಳ ಜಾಗದಲ್ಲಿ ನಿಮ್ಮವನ್ನು ಇಟ್ಟರೆ ಉತ್ತರ ಬದಲಾಗಬಹುದು, ಲೆಕ್ಕದ ದಾರಿ ಬದಲಾಗದು.

ಮೊದಲು ಭಾರ

ಷೋರೂಂಗೆ ಹೋಗುವ ಮೊದಲು ಹೋಗಬೇಕಾದ್ದು ವೇಬ್ರಿಡ್ಜ್‌ಗೆ, ಅದಿಲ್ಲದಿದ್ದರೆ ಮನೆಯ ತಕ್ಕಡಿಗೆ. ಕೋಲಾರದ ಮಂಡಿಯಲ್ಲಿ ಟೊಮೆಟೊ ನಡೆಯುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ಖಾಲಿ ಬಾಕ್ಸ್ 1.5 ಕೆ.ಜಿ. ಎಂದರೆ ತುಂಬಿದ್ದು 16.5 ಕೆ.ಜಿ. ಈ ತೋಟದಲ್ಲಿ ಮಾಮೂಲಿ ಕೊಯ್ಲಿನ ದಿನ 28 ಬಾಕ್ಸ್, ಅಂದರೆ 462 ಕೆ.ಜಿ. ಬೆಳೆ ಭರ್ತಿಗೆ ಬಂದ ದಿನಗಳಲ್ಲಿ 45 ಬಾಕ್ಸ್, 742 ಕೆ.ಜಿ.

ಗೂಡ್ಸ್ ಆಟೊ ಎಷ್ಟು ಹೊರುತ್ತದೆ ಎಂಬುದಕ್ಕೆ ಸೇಲ್ಸ್‌ನವರ ಮಾತಿಗಿಂತ ಆರ್‌ಸಿಯ, ಅಂದರೆ ನೋಂದಣಿ ಪತ್ರದ ಎರಡು ಅಂಕಿ ಸಾಕು: ಖಾಲಿ ತೂಕ, ಭಾರ ಸಮೇತ ತೂಕ. ಈ ವರ್ಗದ ಬಹಳಷ್ಟು ಗಾಡಿಗಳ ಒಟ್ಟು ತೂಕ ಒಂದು ಟನ್‌ನ ಆಸುಪಾಸಿನಲ್ಲೇ ಇರುತ್ತದೆ. ಉದಾಹರಣೆಗೆ ಒಟ್ಟು 995, ಖಾಲಿ 430 ಎಂದುಕೊಳ್ಳಿ. ವ್ಯತ್ಯಾಸ 565. ಚಾಲಕನ 75 ಕೆ.ಜಿ. ಕಳೆದರೆ ಮಾಲಿಗೆ ಉಳಿಯುವುದು 490. ಬಾಕ್ಸಿನಲ್ಲಿ ಹೇಳುವುದಾದರೆ 29. ‘ಪೇಲೋಡ್ 550’ ಎಂದು ಬ್ರೋಷರಿನಲ್ಲಿದ್ದರೆ ಅದರಲ್ಲಿ ಚಾಲಕ ಸೇರಿದ್ದಾನೋ ಇಲ್ಲವೋ ಎಂದು ಮೊದಲು ಕೇಳಬೇಕು. ಮೇಲಿನಿಂದ ಹಾಕಿಸುವ ಕಬ್ಬಿಣದ ಕಮಾನು, ಟಾರ್ಪಾಲಿನ್, ಹಗ್ಗ, ಜಾಕಿ ಎಲ್ಲ ಸೇರಿ 25 ಕೆ.ಜಿ. ತಿಂದರೆ ಒಂದು ಬಾಕ್ಸ್ ಅಲ್ಲೇ ಹೋಯಿತು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡರೆ ಇನ್ನೂ ನಾಲ್ಕು. ಅಷ್ಟಕ್ಕೂ ಹಲವು ಮಾದರಿಗಳ ಆರ್‌ಸಿಯಲ್ಲಿ ಆಸನ ಸಂಖ್ಯೆ 1 ಎಂದೇ ಇರುತ್ತದೆ. ಅಂದರೆ ಚಾಲಕನೊಬ್ಬನೇ.

ಈಗ ಬಾಡಿಯ ಅಳತೆ. ಐದೂವರೆ ಅಡಿ ಬಾಡಿಯ ಒಳಗೆ ಸುಮಾರು 167 ಸೆಂ.ಮೀ. ಉದ್ದ, 140 ಸೆಂ.ಮೀ. ಅಗಲ. ಬಾಕ್ಸಿನ ತಳ 50×32 ಸೆಂ.ಮೀ., ಎತ್ತರ 18 ಸೆಂ.ಮೀ. ಆದರೆ ಒಂದು ಸಾಲಿಗೆ 12 ಕೂರುತ್ತವೆ. 28 ಬಾಕ್ಸ್ ಎಂದರೆ ಎರಡು ಪೂರ್ತಿ ಸಾಲು, ಅದರ ಮೇಲೆ ನಾಲ್ಕು. ಪಕ್ಕದ ಬಾಗಿಲಿನ ಮಟ್ಟ ದಾಟಿ ಸ್ವಲ್ಪ ಮೇಲೆ ಬಂತು, ಅಷ್ಟೆ. ಕಣ್ಣಿಗೆ ಗಾಡಿ ಅರ್ಧ ಖಾಲಿ. ಮೋಸ ಇರುವುದು ಇಲ್ಲೇ. ಐದು ಸಾಲು ಏರಿಸಿದರೂ ಹಗ್ಗ ಕಟ್ಟಲು ಬರುತ್ತದೆ. ಆಗ 60 ಬಾಕ್ಸ್, 990 ಕೆ.ಜಿ. ಗಾಡಿ ಹೊರಬೇಕಾದದ್ದರ ಎರಡರಷ್ಟು. ಬೀನ್ಸ್, ಸೊಪ್ಪು, ಹೂವಾದರೆ ಜಾಗ ಮೊದಲು ಮುಗಿಯುತ್ತದೆ. ಟೊಮೆಟೊ, ಆಲೂಗಡ್ಡೆ, ಈರುಳ್ಳಿ, ಗೊಬ್ಬರದಲ್ಲಿ ತೂಕ ಮೊದಲು ಮುಗಿಯುತ್ತದೆ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50 ಕೆ.ಜಿ. ಹತ್ತು ಚೀಲ ಹಾಕಿದರೆ ಬಾಡಿ ಇನ್ನೂ ಖಾಲಿ ಕಾಣುತ್ತದೆ, ತೂಕ ಆಗಲೇ ಮುಗಿದಿರುತ್ತದೆ.

ಹೀಗಾಗಿ ಮೊದಲ ತೀರ್ಮಾನ ಸುಲಭ: ಮಾಮೂಲಿ ದಿನಕ್ಕೆ ಮೂರು ಚಕ್ರ ಸಾಕು, ಭರ್ತಿ ದಿನಕ್ಕೆ ಸಾಲದು. ಭರ್ತಿ ದಿನಗಳು ವರ್ಷದಲ್ಲಿ ಕೆಲವೇ ವಾರ. ಅವಕ್ಕಾಗಿ ನಾಲ್ಕು ಚಕ್ರದ ಮಿನಿ ಟ್ರಕ್ ಕೊಂಡು ವರ್ಷವಿಡೀ ಕಂತು ಕಟ್ಟುವುದಕ್ಕಿಂತ, ಹೆಚ್ಚಾದ ಬಾಕ್ಸ್‌ಗಳನ್ನು ಎರಡನೇ ಟ್ರಿಪ್‌ನಲ್ಲೋ ಬಾಡಿಗೆಯಲ್ಲೋ ಕಳಿಸುವುದು ಅಗ್ಗ.

ಏರಿಯ ಲೆಕ್ಕ

ಕೆರೆ ಏರಿ 60 ಮೀಟರ್ ದಾರಿಯಲ್ಲಿ 6 ಮೀಟರ್ ಏರುತ್ತದೆ. ಅಂದರೆ ಶೇ 10ರ ಇಳಿಜಾರು. ಇದನ್ನು ಅಳೆಯಲು ಮೇಸ್ತ್ರಿಯ ನೀರಿನ ಪೈಪ್ ಸಾಕು. ಇಲ್ಲದಿದ್ದರೆ ಫೋನಿನ ಲೆವೆಲ್ ಆ್ಯಪ್ ತೆರೆದು, ಉದ್ದನೆಯ ನೇರ ಹಲಗೆಯ ಮೇಲಿಟ್ಟು ದಾರಿಯ ಮೇಲೆ ಮಲಗಿಸಿದರೆ ಕೋನ ತಿಳಿಯುತ್ತದೆ. ಶೇ 10 ಎಂದರೆ 5.7 ಡಿಗ್ರಿ.

ಬ್ರೋಷರಿನಲ್ಲಿ ‘ಗ್ರೇಡಬಿಲಿಟಿ’ (ಗಾಡಿ ಹತ್ತಬಲ್ಲ ಅತಿ ಕಡಿದಾದ ಏರು) ಎಂದು ಕೊಡುವ ಅಂಕಿ ಕೆಲವು ಕಡೆ ಶೇಕಡಾ, ಕೆಲವು ಕಡೆ ಡಿಗ್ರಿ. ಶೇ 12 ಎಂದರೆ 6.8 ಡಿಗ್ರಿ ಮಾತ್ರ. 12 ಡಿಗ್ರಿ ಎಂದರೆ ಶೇ 21. ಎರಡು ಕಂಪನಿಯ ಗಾಡಿ ಹೋಲಿಸುವಾಗ ಈ ಗುರುತು ನೋಡದೆ ಬರೀ 12, 18 ಎಂದು ಹೋಲಿಸುವವರೇ ಜಾಸ್ತಿ.

ಒಂದು ಟನ್ ಒಟ್ಟು ತೂಕದ ಗಾಡಿ ಶೇ 10ರ ಏರು ಹತ್ತಲು ಇಳಿಜಾರಿನ ಎಳೆತವೇ ಸುಮಾರು 980 ನ್ಯೂಟನ್. ಮೆತ್ತನೆಯ ಮಣ್ಣು ದಾರಿಯಲ್ಲಿ ಚಕ್ರ ಉರುಳುವ ಅಡ್ಡಿ ಇನ್ನೊಂದು 490. ಒಟ್ಟು 1,470. ಏಳು ಕಿಲೋವ್ಯಾಟ್‌ನ, ಅಂದರೆ ಒಂಬತ್ತೂವರೆ ಅಶ್ವಶಕ್ತಿಯ ಡೀಸೆಲ್ ಎಂಜಿನ್‌ನಿಂದ ಚಕ್ರಕ್ಕೆ ತಲುಪುವುದು 5.6 ಕಿಲೋವ್ಯಾಟ್ ಎಂದುಕೊಂಡರೆ ಗಂಟೆಗೆ ಸುಮಾರು 14 ಕಿ.ಮೀ. ವೇಗದಲ್ಲಿ, ಮೊದಲನೇ ಗೇರಿನಲ್ಲಿ ಹತ್ತುತ್ತದೆ. 8 ಕಿಲೋವ್ಯಾಟ್ ಮೋಟಾರಿನ ಎಲೆಕ್ಟ್ರಿಕ್ ಗೂಡ್ಸ್ ಆಟೊ ಇನ್ನೂ ಸಲೀಸು. ಇ-ಕಾರ್ಟ್‌ನದು ಬೇರೆ ಕತೆ. 310 ಕೆ.ಜಿ. ಮಾಲು, ಚಾಲಕ, ಗಾಡಿ ಸೇರಿ 680 ಕೆ.ಜಿ. ಆದರೂ ಏರಿಯ ಮೇಲೆ 1,000 ನ್ಯೂಟನ್ ಬೇಕು. 2 ಕಿಲೋವ್ಯಾಟ್ ಮೋಟಾರ್ ಅಷ್ಟನ್ನು ಗಂಟೆಗೆ 6 ಕಿ.ಮೀ. ವೇಗದಲ್ಲಿ, ಪೂರಾ ಕರೆಂಟ್ ಎಳೆದುಕೊಂಡು ಕೊಡಬೇಕು. ದಿನಾ ಹಾಗೆ ಹತ್ತಿದರೆ ಕಂಟ್ರೋಲರ್ ಬಿಸಿಯಾಗಿ ಕಡಿತಗೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧಕ್ಕೆ ನಿಂತರೆ ಹಿಂದಕ್ಕೆ ಜಾರುತ್ತದೆ.

ಟೆಸ್ಟ್ ಡ್ರೈವ್ ಅಂದರೆ ಷೋರೂಂ ಮುಂದೆ ಒಂದು ಸುತ್ತು ಹೊಡೆಯುವುದಲ್ಲ. ಹತ್ತು ಸಿಮೆಂಟ್ ಚೀಲ ಹಾಕಿಸಿ ಇಂಥದೇ ಏರಿಗೆ ಒಯ್ಯಬೇಕು. ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆಯಬೇಕು. ಗಾಡಿ ಒಂದಂಗುಲವೂ ಜಾರಕೂಡದು. ಅಲ್ಲಿಂದಲೇ ಮತ್ತೆ ಎತ್ತಬೇಕು. ಕ್ಲಚ್ ಸುಟ್ಟ ವಾಸನೆ ಬಂದರೆ ಆ ಗಾಡಿ ಈ ದಾರಿಗೆ ಆಗುವುದಿಲ್ಲ. ಒಪ್ಪದ ಡೀಲರ್ ಇದ್ದರೆ, ಅದೇ ಮಾದರಿ ಇಟ್ಟುಕೊಂಡ ಪಕ್ಕದ ಊರಿನವರ ಗಾಡಿಗೆ ಡೀಸೆಲ್ ಹಾಕಿಸಿ ಕೇಳಿಕೊಳ್ಳುವುದೇ ವಾಸಿ.

ಮಗುಚುವುದು ಏಕೆ

ಮುಂದೆ ಒಂದೇ ಚಕ್ರ ಇರುವ ಗಾಡಿ ನಿಂತಿರುವುದು ತ್ರಿಕೋನದ ಮೇಲೆ. ಭಾರ ಹಿಂದಿನ ಆಕ್ಸಲ್ ಕಡೆ ಇದ್ದಷ್ಟೂ ತಳ ಅಗಲ, ಮುಂದೆ ಸರಿದಷ್ಟೂ ಕಿರಿದು. ಮುಂದಿನ ಚಕ್ರದಿಂದ ಹಿಂದಿನ ಆಕ್ಸಲ್‌ಗೆ 2 ಮೀಟರ್, ಹಿಂದಿನ ಎರಡು ಚಕ್ರಗಳ ನಡುವೆ 1.2 ಮೀಟರ್ ಇರುವ ಗಾಡಿಯ ಭಾರಕೇಂದ್ರ ಮುಂದಿನ ಚಕ್ರದಿಂದ 1.4 ಮೀಟರ್ ಹಿಂದೆ ಇದೆ ಎನ್ನಿ. ಅಲ್ಲಿಂದ ಮಗುಚುವ ಅಂಚಿಗೆ ಸುಮಾರು 40 ಸೆಂ.ಮೀ. ಭಾರಕೇಂದ್ರ ನೆಲದಿಂದ 80 ಸೆಂ.ಮೀ. ಎತ್ತರದಲ್ಲಿದ್ದರೆ, 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 25 ಕಿ.ಮೀ. ದಾಟಿದೊಡನೆ ಒಳಗಿನ ಚಕ್ರ ಏಳುತ್ತದೆ. ಬಾಕ್ಸ್ ಏರಿಸಿ ಭಾರಕೇಂದ್ರ 1 ಮೀಟರ್‌ಗೆ ಹೋದರೆ 22ಕ್ಕೇ ಏಳುತ್ತದೆ. ರಸ್ತೆ ಹೊರಕ್ಕೆ ವಾಲಿದ್ದರೆ, ಅಥವಾ ತಿರುವಿನಲ್ಲೇ ಬ್ರೇಕ್ ಒತ್ತಿದರೆ ಇನ್ನೂ ಮೊದಲೇ. ತಿರುವಿನೊಳಗೆ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ, ಒಂಟಿ ಚಕ್ರದ ಕಡೆಗೆ ಬೀಳುತ್ತದೆ. ಲಗೇಜ್ ಆಟೊ ಮಗುಚುವುದು ಹೆಚ್ಚಾಗಿ ಹೀಗೇ: ವೇಗ ತೀರಾ ಜಾಸ್ತಿ ಏನಿರುವುದಿಲ್ಲ, ತಿರುವಿನ ನಡುವೆ ಗಾಬರಿಯ ಬ್ರೇಕ್.

ಪೂರ್ತಿ ಹಿಂದಕ್ಕೆ ಹೇರುವುದೂ ತಪ್ಪು. ಹಿಂಬಾಗಿಲು ತೆರೆದು ಪೈಪ್, ಬಿದಿರು, ಮೇವಿನ ಹೊರೆಯನ್ನು ಹೊರಚಾಚಿ ಕಟ್ಟಿದರೆ ಮುಂದಿನ ಚಕ್ರ ಹಗುರವಾಗುತ್ತದೆ. ಏರಿಯ ಮೇಲೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತದೆ. ತುಂಬುವ ಕ್ರಮ ಹೀಗಿರಲಿ: ತಳದ ಎರಡು ಸಾಲು ಪೂರ್ತಿ, ಮೂರನೇ ಸಾಲಿನ ನಾಲ್ಕು ಬಾಕ್ಸ್ ಮಧ್ಯದಲ್ಲಿ, ಹಿಂದಿನ ಆಕ್ಸಲ್‌ನಿಂದ ತುಸು ಮುಂದೆ. ಚೀಲವಾದರೆ ಗೋಡೆ ಕಟ್ಟಿದ ಹಾಗೆ ಸಂದು ತಪ್ಪಿಸಿ ಇಡಬೇಕು. ಉಳಿದ ಜಾಗಕ್ಕೆ ಖಾಲಿ ಬಾಕ್ಸ್ ತುರುಕಿದರೆ ಮಾಲು ಜರುಗುವುದಿಲ್ಲ.

ಆರ್‌ಸಿಯಲ್ಲಿ ಏನಿರುತ್ತದೆ, ಏನಿರಬೇಕು

ರೈತರು ಮೊದಲು ಕೇಳುವ ಪ್ರಶ್ನೆ: ನಮ್ಮ ಮಾಲು ನಾವೇ ಒಯ್ಯುವುದು, ವೈಟ್ ಬೋರ್ಡ್ ಆಗುವುದಿಲ್ಲವೇ? ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕು ಸಾಗಿಸಲೆಂದೇ ಕಟ್ಟಿದ ಗಾಡಿ ಸಾರಿಗೆ ವಾಹನವೇ. ಮಾಲು ಯಾರದು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಟ್ರ್ಯಾಕ್ಟರಿಗೆ ಸಿಗುವ ಕೃಷಿ ರಿಯಾಯಿತಿಯನ್ನು ಇದಕ್ಕೆ ಹೊಂದಿಸಿ ನೋಡಬಾರದು. ಡೀಸೆಲ್, ಸಿಎನ್‌ಜಿ ಆದರೆ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ. ಎಲೆಕ್ಟ್ರಿಕ್ ಆದರೆ ಹಸಿರು ಹಲಗೆಯ ಮೇಲೆ ಹಳದಿ ಅಕ್ಷರ. ಇದರಲ್ಲೊಂದು ಅನುಕೂಲವೂ ಇದೆ: ಬಿಡುವಿನ ದಿನ ಪಕ್ಕದ ತೋಟದ ಮಾಲನ್ನು ಬಾಡಿಗೆಗೆ ಒಯ್ಯಲು ಅಡ್ಡಿಯಿಲ್ಲ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಕಾಯ್ದೆಯ 66ನೇ ಸೆಕ್ಷನ್ನಿನಲ್ಲೇ ಪರ್ಮಿಟ್‌ನಿಂದ ವಿನಾಯಿತಿ ಇದೆ. ‘ಪರ್ಮಿಟ್ ಖರ್ಚು’ ಎಂದು ಕೊಟೇಷನ್‌ನಲ್ಲಿ ಸೇರಿಸಿದ್ದರೆ ಹೊಡೆದುಹಾಕಿಸಿ.

ಗೂಡ್ಸ್ ಆಟೊದ ವರ್ಗ ಎಲ್5ಎನ್. ಇ-ಕಾರ್ಟ್ ಬೇರೆಯೇ ವರ್ಗ: ವೇಗ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ, ಮಾಲು 310 ಕೆ.ಜಿ. ಮೀರುವಂತಿಲ್ಲ. 25ರ ವೇಗದಲ್ಲಿ ಕೋಲಾರ ತಲುಪಲು ಒಂದು ಗಂಟೆ ಬೇಕು. ಅದೂ 18 ಬಾಕ್ಸ್ ಹೊತ್ತು. ಊರೊಳಗೆ ಹಾಲಿನ ಕ್ಯಾನ್, ನೀರಿನ ಕ್ಯಾನ್, ದಿನಸಿ ಹಂಚಲು ಇ-ಕಾರ್ಟ್ ಒಳ್ಳೆಯದೇ. ಈ ತೋಟಕ್ಕೆ ಅದು ಆಗುವುದಿಲ್ಲ, ಪಟ್ಟಿಯಿಂದ ತೆಗೆದದ್ದಾಯಿತು.

ಆನ್‌ಲೈನ್ ಲೋಡರ್ ಅಂತೂ ಇನ್ನೂ ಕೆಳಗೆ. ನೋಂದಣಿ ಬೇಡ ಎಂಬ ವಿನಾಯಿತಿ ಇರುವುದು ಮೋಟಾರ್ ಕಾಲು ಕಿಲೋವ್ಯಾಟ್‌ಗಿಂತ ಕಡಿಮೆ ಇರುವ, 25 ಕಿ.ಮೀ. ವೇಗದೊಳಗಿನ ಪುಟ್ಟ ಬ್ಯಾಟರಿ ವಾಹನಗಳಿಗೆ. ಒಂದು ಕಿಲೋವ್ಯಾಟ್ ಮೋಟಾರಿನ ಮೂರು ಚಕ್ರಕ್ಕೆ ಅದು ಅನ್ವಯಿಸುವುದಿಲ್ಲ. ತೋಟದ ಬೇಲಿಯೊಳಗೆ ಓಡಿಸಿಕೊಳ್ಳಬಹುದು. ರಸ್ತೆಗಿಳಿದರೆ ಆರ್‌ಸಿ ಇಲ್ಲ, ವಿಮೆ ಇಲ್ಲ. ಬೈಕಿಗೆ ಟ್ರಾಲಿ ಬೆಸುಗೆ ಹಾಕಿ ಮಾಡುವ ಗಾಡಿಗಳದ್ದೂ ಇದೇ ಪಾಡು. ಇಂಥ ‘ಜುಗಾಡ್’ ಕೂಡ ಮೋಟಾರು ವಾಹನವೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿಯಾಗಿದೆ. ಅನುಮಾನವಿದ್ದರೆ ಮಾರುವವರನ್ನು ಎರಡೇ ಕೇಳಿ: ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಎಂಬ ತಯಾರಕರ ಪತ್ರ) ಕೊಡುತ್ತೀರಾ? ಈ ಮಾದರಿ ಸರ್ಕಾರದ ವಾಹನ ನೋಂದಣಿ ಜಾಲತಾಣ ‘ವಾಹನ್’ ಪೋರ್ಟಲ್‌ನಲ್ಲಿ ಇದೆಯೇ? ಎರಡಕ್ಕೂ ಸರಿಯಾದ ಉತ್ತರ ಬರದಿದ್ದರೆ ಮುಂಗಡ ಕೊಡಬೇಡಿ.

ಲೈಸೆನ್ಸ್ ವಿಷಯ. ಬೈಕಿನ ಲೈಸೆನ್ಸ್ ಇಟ್ಟುಕೊಂಡು ಗೂಡ್ಸ್ ಆಟೊ ಓಡಿಸುವವರು ಹಳ್ಳಿಗಳಲ್ಲಿ ಬೇಕಾದಷ್ಟು. ಅದು ನಡೆಯದು. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿ ಇಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಇ-ಕಾರ್ಟ್‌ಗೆ ಮಾತ್ರ ಅದರದೇ ಅರ್ಹತೆಯ ನಿಯಮ ಉಳಿದಿದೆ.

ಓವರ್‌ಲೋಡಿಗೆ 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಹೆಚ್ಚಾದ ಮಾಲನ್ನು ಅಲ್ಲೇ ಇಳಿಸಿಯೂ ಬರಬೇಕು. ಸ್ಥಳದಲ್ಲಿ ಕಟ್ಟಿಸಿಕೊಳ್ಳುವ ಮೊತ್ತ ರಾಜ್ಯದ ಅಧಿಸೂಚನೆಯ ಪ್ರಕಾರ ಬೇರೆಯಾಗಬಹುದು. ಆದರೆ ಇಳಿಸಿದ ಟೊಮೆಟೊಗೆ ಹರಾಜು ಕಾಯುವುದಿಲ್ಲ. ಬಾಡಿಯ ಪಕ್ಕಗಳನ್ನು ಆ್ಯಂಗಲ್ ಹಾಕಿಸಿ ಎತ್ತರಿಸುವುದು 52ನೇ ಸೆಕ್ಷನ್ನಿನ ಪ್ರಕಾರ ಬದಲಾವಣೆ ಎನಿಸಿಕೊಳ್ಳುತ್ತದೆ, ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದಾಗ ಕಿತ್ತು ಬರಬೇಕಾಗುತ್ತದೆ.

ಇನ್ನು ಕೂಲಿಯವರನ್ನು ಹಿಂದೆ ಕೂರಿಸಿಕೊಂಡು ತೋಟಕ್ಕೆ ತರುವುದು. ಎಲ್ಲರೂ ಮಾಡುತ್ತಾರೆ, ಎಲ್ಲರಿಗೂ ಗೊತ್ತು. ಗಾಡಿ ಉರುಳಿದರೆ ಸರಕಿನ ಮೇಲೆ ಕೂತವರಿಗೆ ವಿಮೆಯ ರಕ್ಷಣೆ ಇಲ್ಲ. ಕಡ್ಡಾಯ ವಿಮೆ ಒಪ್ಪುವುದು ಮಾಲಿನ ಯಜಮಾನ ಅಥವಾ ಅವನ ಅಧಿಕೃತ ಪ್ರತಿನಿಧಿಯನ್ನು. ಅಲ್ಲೂ ಆಸನ ಸಂಖ್ಯೆಯ ತಕರಾರು ಏಳುತ್ತದೆ. ಪರಿಹಾರ ಲಕ್ಷಗಳಲ್ಲಿ ಬಂದಾಗ ಅದು ನೇರ ಆರ್‌ಸಿಯಲ್ಲಿರುವವರ ಜಮೀನಿನ ಮೇಲೆ ಬೀಳುತ್ತದೆ.

ದಾರಿಯನ್ನೂ ನೋಡಿಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಮೂರು ಚಕ್ರಕ್ಕೆ ಟೋಲ್ ಇಲ್ಲ. ಆದರೆ ಸರ್ವಿಸ್ ರಸ್ತೆ ಇರುವ ಕಡೆ ಮುಖ್ಯ ರಸ್ತೆಗೆ ಏರುವಂತಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ದೂರದ ಮಂಡಿಗೆ ಹೋಗುವ ಯೋಚನೆ ಇರುವವರು ಸರ್ವಿಸ್ ರಸ್ತೆಯ ಸಮಯವನ್ನು ಸೇರಿಸಿ ಲೆಕ್ಕ ಹಾಕಲಿ.

ಡೀಸೆಲ್ಲೋ ಕರೆಂಟೋ

ಉಳಿದದ್ದು ಎರಡು ಗಾಡಿ. ಹೋಗಿಬರಲು 50 ಕಿ.ಮೀ. ಡೀಸೆಲ್ ಲೀಟರಿಗೆ 25 ಕಿ.ಮೀ. ಕೊಟ್ಟರೆ 2 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ದಿನಕ್ಕೆ 180.

ಎಲೆಕ್ಟ್ರಿಕ್ ಗಾಡಿ ತುಂಬಿಕೊಂಡು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಕಿ.ಮೀ.ಗೆ ಸುಮಾರು 80 ವ್ಯಾಟ್-ಅವರ್, ಖಾಲಿ ಬರುವಾಗ 55. ಹೋಗಿಬರಲು 3.4 ಯೂನಿಟ್. ಚಾರ್ಜರಿನ ನಷ್ಟ, ಏರಿ ಎಲ್ಲ ಸೇರಿ ಮೀಟರಿನಲ್ಲಿ 4.5 ಎನ್ನೋಣ. ಯೂನಿಟ್‌ಗೆ ಏಳರ ಹತ್ತಿರ ಹಿಡಿದರೂ ದಿನಕ್ಕೆ 30 ರೂಪಾಯಿ. ಉಳಿತಾಯ 150. ಮಹೀಂದ್ರ ಟ್ರಿಯೋ ಜೋರ್‌ನ ಬ್ಯಾಟರಿ 7.37 ಯೂನಿಟ್ ಹಿಡಿಯುತ್ತದೆ. ಅಂಥ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು ಆರು ಚಿಲ್ಲರೆ ಎಂದರೂ ಒಂದು ಟ್ರಿಪ್ ನಿರಾಳ. ಎರಡನೇ ಟ್ರಿಪ್‌ಗೆ 6.8 ಬೇಕು, ಸಾಲುವುದಿಲ್ಲ. ನಡುವೆ ಒಂದು ಗಂಟೆಯಾದರೂ ಚಾರ್ಜ್ ಆಗಬೇಕು.

ಕೊಟೇಷನ್‌ನಲ್ಲಿ ಎಲೆಕ್ಟ್ರಿಕ್ ಒಂದು ಲಕ್ಷ ಹೆಚ್ಚು ಎಂದಿಟ್ಟುಕೊಂಡರೆ ಅದು ವಾಪಸಾಗಲು 667 ಓಟದ ದಿನ ಬೇಕು. ದಿನಾ ಹೂವು ಅಥವಾ ಹಾಲು ಹೋಗುವ ಮನೆಗೆ, ವರ್ಷಕ್ಕೆ 300 ದಿನ ಓಡಿದರೆ, ಸುಮಾರು ಎರಡು ವರ್ಷ ಮೂರು ತಿಂಗಳು. ಈ ತೋಟದಲ್ಲಿ 180 ದಿನ ಓಟ, ಮೂರು ವರ್ಷ ಎಂಟು ತಿಂಗಳು. ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ., ಎಷ್ಟು ಶೇಕಡಾ ಸಾಮರ್ಥ್ಯಕ್ಕೆ ಇಳಿದರೆ ಬದಲಿಸುತ್ತಾರೆ ಎಂಬ ಮೂರನ್ನೂ ಬರವಣಿಗೆಯಲ್ಲಿ ಪಡೆದೇ ಹೋಲಿಸಬೇಕು.

ಬೆಲೆಯ ವ್ಯತ್ಯಾಸವೂ ನಿಂತಲ್ಲಿ ನಿಂತಿಲ್ಲ. ಡೀಸೆಲ್ ಆಟೊದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್‌ಗೆ ಶೇ 5. ಎಲೆಕ್ಟ್ರಿಕ್ ವಾಹನಕ್ಕೆ ಕೇಂದ್ರದ ಸಬ್ಸಿಡಿ ಕೊಡುವ ಪಿಎಂ ಇ-ಡ್ರೈವ್ ಯೋಜನೆ 2024ರ ಅಕ್ಟೋಬರ್ 1ಕ್ಕೆ ಶುರುವಾದಾಗ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 5,000 ರೂಪಾಯಿ ಇತ್ತು, ನಂತರದ ವರ್ಷಕ್ಕೆ 2,500 ಎಂದು ನಿಗದಿಯಾಗಿತ್ತು. ವಾಹನಗಳ ಸಂಖ್ಯೆಗೂ ಮಿತಿ ಇರುವ ಯೋಜನೆ ಅದು, ಮಿತಿ ಮುಗಿದರೆ ಹಣವೂ ಮುಗಿಯಿತು. ಆದ್ದರಿಂದ ‘ಸಬ್ಸಿಡಿ ಕಳೆದು’ ಎಂದು ಬರೆದ ಕೊಟೇಷನ್ ನಂಬುವ ಮೊದಲು, ಬುಕ್ ಮಾಡುವ ದಿನ ಅದು ಜಾರಿಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಸಿಗದಿದ್ದರೆ ಆ ಮೊತ್ತ ಯಾರ ತಲೆಗೆ ಎಂದೂ ಬರೆಸಿಕೊಳ್ಳಿ.

ಚಾರ್ಜಿಂಗ್ ಪಾಯಿಂಟ್ ಎಲ್ಲಿ? ಪಂಪ್‌ಸೆಟ್ಟಿನ ಲೈನಿನಿಂದ ಎಳೆಯುವುದು ಮೊದಲು ಹೊಳೆಯುವ ಉಪಾಯ. ಅದು ನೀರಾವರಿಗೆಂದು ಉಚಿತವಾಗಿ ಕೊಟ್ಟ ಸಂಪರ್ಕ, ಬೇರೆ ಬಳಕೆ ಅಪರಾಧ. ಜೊತೆಗೆ ತ್ರೀಫೇಸ್ ಬರುವ ಹೊತ್ತು ನಿಮ್ಮ ಕೈಯಲ್ಲಿಲ್ಲ. ಮನೆಯ ಮೀಟರಿನಿಂದ ಆದರೆ ತಿಂಗಳಿಗೆ 25 ದಿನ ಓಡಿದಾಗ 110 ಯೂನಿಟ್ ಹೆಚ್ಚಾಗುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 100 ಯೂನಿಟ್ ಸುಡುವ ಮನೆಗೆ ಆಟೊದ ಚಾರ್ಜಿಂಗ್ ಸೇರಿದರೆ ಇಡೀ ಬಿಲ್ಲೇ ಮೈಮೇಲೆ ಬಂತು. 30 ರೂಪಾಯಿಯ ಲೆಕ್ಕ ಅಲ್ಲಿಗೆ ಕೆಡುತ್ತದೆ. ಬೆಸ್ಕಾಂನಲ್ಲಿ ವಿದ್ಯುತ್ ವಾಹನಕ್ಕೆ ಪ್ರತ್ಯೇಕ ಸಂಪರ್ಕ ಕೇಳಬಹುದು. ಯಾವುದಾದರೂ ಸರಿ, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಸಂಜೆ ಏಳರಿಂದ ಹತ್ತರವರೆಗೆ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂದು ಒಂದು ವಾರ ಮೀಟರ್ ಹಚ್ಚಿ ನೋಡಿ. 180ಕ್ಕಿಂತ ಕೆಳಗಿಳಿದರೆ ಅನೇಕ ಚಾರ್ಜರ್‌ಗಳು ನಿಂತುಬಿಡುತ್ತವೆ. ಬೆಳಗಿನ ನಾಲ್ಕಕ್ಕೆ ಮಂಡಿಗೆ ಹೊರಡುವವರಿಗೆ ಅದು ಗೊತ್ತಾಗುವುದು ನಾಲ್ಕಕ್ಕೇ.

ಸಿಎನ್‌ಜಿ ಪಂಪ್ ದಿನದ ದಾರಿಯ ಮೇಲೇ ಇದ್ದರೆ ಮಾತ್ರ ಯೋಚಿಸಬೇಕಾದ್ದು. ಸಿಲಿಂಡರಿನ ತೂಕ ಮಾಲಿನ ತೂಕದಿಂದಲೇ ಹೋಗುತ್ತದೆ, ಮೂರು ವರ್ಷಕ್ಕೊಮ್ಮೆ ಅದರ ಒತ್ತಡ ಪರೀಕ್ಷೆಯೂ ಇದೆ.

ಈ ಪ್ರಕರಣದಲ್ಲಿ ತಕ್ಕಡಿ ಡೀಸೆಲ್ ಕಡೆ ವಾಲಿತು. ದುಡ್ಡಿನ ಲೆಕ್ಕದಲ್ಲಿ ಅಂತರ ಕಿರಿದೇ. ವಾಲಿಸಿದ್ದು ಎರಡು: ಭರ್ತಿ ದಿನದ ಎರಡು ಟ್ರಿಪ್, ಸಂಜೆಯ ವೋಲ್ಟೇಜ್. ತೋಟ ಮಂಡಿಗೆ ಹದಿನೈದು ಕಿ.ಮೀ. ಒಳಗಿದ್ದು ಓಟ 250 ದಿನ ದಾಟಿದ್ದರೆ ಎಲೆಕ್ಟ್ರಿಕ್ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಕೊಳ್ಳಲೇಬೇಕೇ

ಇದನ್ನು ಮೊದಲೇ ಕೇಳಬೇಕಿತ್ತು ಅನ್ನಬಹುದು. ಆದರೆ ಯಾವ ಗಾಡಿ ಎಂದು ತಿಳಿಯದೆ ಉತ್ತರ ಸಿಗುವುದಿಲ್ಲ. ಸಾಲ 2.5 ಲಕ್ಷ, ಅವಧಿ 36 ತಿಂಗಳು. ಬ್ಯಾಂಕಿನ ಶೇ 12 ಇಳಿಕೆ ಬಡ್ಡಿಗೆ ಕಂತು 8,304. ಫೈನಾನ್ಸ್‌ನವರ ‘ಬರೀ ಶೇ 10’ ಫ್ಲಾಟ್ ಬಡ್ಡಿಗೆ (ಅಸಲು ತೀರುತ್ತ ಬಂದರೂ ಪೂರ್ತಿ ಸಾಲದ ಮೇಲೇ ಹಾಕುವ ಬಡ್ಡಿ) ಕಂತು 9,028. ಶೇ 10 ಕೇಳಲು ಕಡಿಮೆ, ಇಳಿಕೆ ಲೆಕ್ಕಕ್ಕೆ ತಿರುಗಿಸಿದರೆ ಅದು ಶೇ 18ರ ಹತ್ತಿರ. ಮೂರು ವರ್ಷಕ್ಕೆ 26,000 ರೂಪಾಯಿ ವ್ಯತ್ಯಾಸ. ಮುದ್ರಾ ಸಾಲದ ಕಿಶೋರ್ ವರ್ಗದ ಮಿತಿ 5 ಲಕ್ಷ, ಗೂಡ್ಸ್ ಆಟೊ ಅದರೊಳಗೆ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಶೇ 75, ಗರಿಷ್ಠ 4 ಲಕ್ಷ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷದವರೆಗೆ ಸಹಾಯಧನ ಪ್ರಕಟವಾಗಿತ್ತು. ಇಂಥ ಯೋಜನೆಗಳಲ್ಲಿ ಮಂಜೂರಾತಿ ಮೊದಲು, ಗಾಡಿ ಆಮೇಲೆ. ತೆಗೆದುಕೊಂಡ ಗಾಡಿಯ ಬಿಲ್ ಹಿಡಿದು ನಿಗಮಕ್ಕೆ ಹೋದರೆ ವಾಪಸ್ ಕಳಿಸುತ್ತಾರೆ.

ವರ್ಷದ ಕಂತು 99,650. ವಿಮೆ, ಸರ್ವಿಸ್, ಟೈರಿಗೆ 25,000. ಓಡಿದರೂ ಓಡದಿದ್ದರೂ ಸುಮಾರು 1,24,650. ಬಾಡಿಗೆ ಗಾಡಿ ಟ್ರಿಪ್‌ಗೆ 1,000 ಆದರೆ ಸ್ವಂತ ಗಾಡಿಯ ಪ್ರತಿ ಟ್ರಿಪ್‌ನಲ್ಲಿ ಉಳಿಯುವುದು ಡೀಸೆಲ್ ಕಳೆದು 820. ಭಾಗಿಸಿದರೆ 152 ಟ್ರಿಪ್. ಟೊಮೆಟೊ ಕೊಯ್ಲು ಮಾತ್ರ ಲೆಕ್ಕ ಹಿಡಿದರೆ ಈ ತೋಟಕ್ಕೆ 120 ಟ್ರಿಪ್, ಅಂದರೆ ಬಾಡಿಗೆಯೇ ವಾಸಿ. ಬೀನ್ಸ್, ಗೊಬ್ಬರ, ಮೇವು, ಪಕ್ಕದ ತೋಟದ ಬಾಕ್ಸ್ ಸೇರಿ 180 ಆಗುವುದರಿಂದ ಕೊಳ್ಳುವುದು ಸರಿಹೋಯಿತು. ಸಾಲ ತೀರಿದ ಮೇಲೆ ವರ್ಷಕ್ಕೆ 31 ಟ್ರಿಪ್ ಸಾಕು. ಬೆಲೆ ಬಿದ್ದು ಕೊಯ್ಲೇ ಬಿಟ್ಟ ವರ್ಷವೂ ಕಂತು ನಿಲ್ಲುವುದಿಲ್ಲ, ಅದನ್ನು ಯಾವ ಕೋಷ್ಟಕವೂ ತೋರಿಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ

ಅರ್ಧ ಬೆಲೆಗೆ ಸಿಕ್ಕೀತು. ಮೊದಲು ಪರಿವಾಹನ್‌ನಲ್ಲಿ ಎಫ್‌ಸಿ, ತೆರಿಗೆ, ವಿಮೆಯ ದಿನಾಂಕ, ಬಾಕಿ ಚಲನ್, ಸಾಲದ ನಮೂದು ನೋಡಿ. ಸಾಲ ಇದ್ದರೆ ಆ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ವರ್ಗಾವಣೆಗೆ ಫಾರಂ 29, 30. ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ವಿಮೆಯ ಹೆಸರು ಬದಲಾವಣೆಗೂ 14 ದಿನ. ಮಾರುವವರಿಗೂ ಇದು ಮುಖ್ಯ: ಆರ್‌ಸಿಯಲ್ಲಿ ಹೆಸರಿರುವವನೇ ಹೊಣೆಗಾರ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿಯಲ್ಲಿ ನೋಡಬೇಕಾದ್ದು ಬಣ್ಣವಲ್ಲ. ಬಾಡಿಯ ಕೆಳಗೆ ತೂರಿ, ಹಿಂದಿನ ಟ್ರೇಲಿಂಗ್ ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು) ಚಾಸಿಗೆ ಸೇರುವ ಕಡೆ ಬಿರುಕು, ಹೊಸ ಬೆಸುಗೆ ಇದೆಯೇ ನೋಡಿ. ಇದ್ದರೆ ಓವರ್‌ಲೋಡಿನಲ್ಲಿ ದುಡಿದ ಗಾಡಿ ಅದು, ಬಿಟ್ಟುಬಿಡಿ.

ಡೆಲಿವರಿಯ ದಿನ, ಮೊದಲ ತಿಂಗಳು

ಇನ್‌ವಾಯ್ಸ್, ಫಾರಂ 20, 21, 22, ಸಾಲವಿದ್ದರೆ 34, ವಿಮೆ. ಎಲ್ಲದರಲ್ಲೂ ಚಾಸಿ ಸಂಖ್ಯೆಯನ್ನು ಗಾಡಿಯ ಮೇಲಿನ ಪಂಚ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಟೈರಿನ ಪಕ್ಕದ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ. ಅತಿ ಸುರಕ್ಷಿತ ನೋಂದಣಿ ಫಲಕವನ್ನು ಡೀಲರೇ ಹಾಕಿಕೊಡಬೇಕು, ಅದಕ್ಕೆ ಬೇರೆ ದುಡ್ಡಿಲ್ಲ. ಮನೆಗೆ ತರುವ ದಾರಿಯಲ್ಲೇ ಪೂರ್ತಿ ಡೀಸೆಲ್, ಕಮಾನು, ಟಾರ್ಪಾಲಿನ್ ಸಮೇತ ವೇಬ್ರಿಡ್ಜ್ ಹತ್ತಿಸಿ ಚೀಟಿ ತೆಗೆದಿಟ್ಟುಕೊಳ್ಳಿ. ಆರ್‌ಸಿಯ ಭಾರ ಸಮೇತ ತೂಕದಿಂದ ಆ ಅಂಕಿಯನ್ನೂ ಚಾಲಕನ ತೂಕವನ್ನೂ ಕಳೆದು, 16.5ರಿಂದ ಭಾಗಿಸಿ ಬಂದ ಬಾಕ್ಸಿನ ಸಂಖ್ಯೆಯನ್ನು ಕ್ಯಾಬಿನ್ ಹಿಂದೆ ಬಣ್ಣದಲ್ಲಿ ಬರೆಸಿದರೆ ತುಂಬುವ ಹುಡುಗರ ಜೊತೆ ದಿನಾ ವಾದ ಮಾಡುವುದು ತಪ್ಪುತ್ತದೆ.

ಮೊದಲ ಸರ್ವಿಸ್ ಕಿ.ಮೀ. ತುಂಬುವ ಮೊದಲೇ ಮಾಡಿಸಬೇಕು, ಆ ಆಯಿಲ್‌ನಲ್ಲಿ ಹೊಸ ಎಂಜಿನ್ ಸವೆದ ಲೋಹದ ಪುಡಿ ಇರುತ್ತದೆ. ಮಣ್ಣು ದಾರಿಯ ಗಾಡಿಗೆ ಏರ್ ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ ನೋಡುವುದು ಅಗತ್ಯ. ಹಿಂದಿನ ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದಿದೆಯೇ ಎಂದು ತೊಳೆಯುವಾಗ ಕಣ್ಣಾಡಿಸಿ. ನೂರಾರು ರೂಪಾಯಿಯ ಬೂಟ್ ಹರಿದು ಮಣ್ಣು ಒಳಹೋದರೆ ಸಾವಿರಾರು ರೂಪಾಯಿಯ ಜಾಯಿಂಟ್ ಸವೆಯುತ್ತದೆ. ಕೋಡಿ ನೀರು ದಾಟಿದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ, ನಿಧಾನಕ್ಕೆ ಓಡಿಸುತ್ತ ನಾಲ್ಕೈದು ಸಲ ಒತ್ತಿ ಒಣಗಿಸಿಯೇ ಏರಿ ಇಳಿಯಬೇಕು.

ಹೊಸ ಸಾರಿಗೆ ವಾಹನಕ್ಕೆ ಮೊದಲ ಎರಡು ವರ್ಷ ಎಫ್‌ಸಿ ಇದ್ದಂತೆಯೇ. ಆಮೇಲೆ ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೆ, ನಂತರ ವರ್ಷ ವರ್ಷ. ಹೊಗೆ ತಪಾಸಣೆ ಮೊದಲ ವರ್ಷ ಕಳೆದ ಮೇಲೆ ಶುರು. ವಿಮೆ ಪ್ರತಿ ವರ್ಷ. ಬೆಳೆ ಇಲ್ಲದ ತಿಂಗಳುಗಳಲ್ಲಿ ಗಾಡಿ ಕೊಟ್ಟಿಗೆಯಲ್ಲಿ ನಿಂತಿರುವಾಗಲೇ ಈ ದಿನಾಂಕಗಳು ಸದ್ದಿಲ್ಲದೆ ಮುಗಿಯುವುದು. ಎಫ್‌ಸಿ ಮುಗಿದ ಗಾಡಿ ಅಪಘಾತ ಮಾಡಿದರೆ ವಿಮೆ ಕಂಪನಿ ಮೊದಲು ಎತ್ತುವ ತಕರಾರೇ ಅದು. ಮೂರೂ ದಿನಾಂಕಗಳನ್ನು ಒಂದು ತಿಂಗಳು ಮುಂಚಿತವಾಗಿ ಫೋನಿನಲ್ಲಿ ಗುರುತು ಹಾಕಿಡಿ. ಎಫ್‌ಸಿಗೆ ಒಯ್ಯುವ ಮುನ್ನ ಹೆಡ್‌ಲೈಟ್, ಇಂಡಿಕೇಟರ್, ರಿಫ್ಲೆಕ್ಟರ್ ಪಟ್ಟಿ, ಹ್ಯಾಂಡ್‌ಬ್ರೇಕ್, ಸ್ಟೀರಿಂಗ್ ಆಟ ನೋಡಿಸಿಕೊಂಡರೆ ಎರಡನೇ ಸಲ ಹೋಗುವ ಪ್ರಮೇಯ ಬರುವುದಿಲ್ಲ.